ಬನ್ನಿ ಕೊಟ್ಟವರ ಎಣಿಕೆ

ಯಾರ ಕಡೆ ಮಂದಿ ಹೆಚ್ಚು? ಹುಬ್ಬಳ್ಳಿಯಲ್ಲಿ ಮಾಸ್ತರಿಕೆ ಮಾಡುತ್ತಿದ್ದ ವರ್ಷಗಳಲ್ಲಿ ಈ ಒಂದು ಪ್ರಶ್ನೆಯನ್ನು ನಾನು ಕೇಳಿದಷ್ಟು ಸಲ ನನ್ನ ಶಾಲೆಯ ಮಕ್ಕಳು ಎರಡರ ಮಗ್ಗಿಯನ್ನೂ ಹೇಳಿರಲಿಕ್ಕಿಲ್ಲ. ಆಟದಲ್ಲಿ ಯಾರು ಗೆದ್ದರು ಎಂಬ ಮಾತು ಮರುದಿನ ಬೆಳಗಿನ ಹೊತ್ತಿಗೆ ತಣ್ಣಗಾಗುತ್ತಿತ್ತು. ಗೋಲುಗಳನ್ನು ಎಣಿಸಲಿಕ್ಕೆ ಬರುತ್ತದೆ, ಎಣಿಸಿದ ಮೇಲೆ ವಾದಕ್ಕೆ ಜಾಗವಿಲ್ಲ. ಮಂದಿಯನ್ನು ಎಣಿಸುವುದು ಹೇಗೆ? ಎಣಿಸಲಿಕ್ಕೆ ಬಾರದ್ದರ ಮೇಲೆ ವಾದಿಸುವುದೆಂದರೆ ನಮ್ಮೂರಿನವರಿಗೆ ಎಲ್ಲಿಲ್ಲದ ಹುರುಪು. ನನಗೆ ಸಾಕಾಗಿತ್ತು. ಈಗ ಮಾಳಮಡ್ಡಿಯ ಬಾಡಿಗೆ ಮನೆಯಲ್ಲಿ ಕೂತು ಇದನ್ನು ಬರೆಯುವಾಗಲೂ, ಆ ಪ್ರಶ್ನೆಯನ್ನು ಕಾಗದದ ಮೇಲೆ ಇಡುವಷ್ಟರಲ್ಲೇ ಕೈ ಸೋತಂತಾಗುತ್ತದೆ.

ಮೂವತ್ತರ ದಶಕದ ಮಾತು. ಊರಿನಲ್ಲಿ ಓಣಿಗೊಂದು ಫುಟ್‌ಬಾಲ್ ಕ್ಲಬ್ಬು ಇದ್ದರೂ ಮಂದಿ ಕಟ್ಟಿಕೊಂಡು ಬಡಿದಾಡುವಷ್ಟು ದೊಡ್ಡವು ಎರಡೇ. ಒಂದು ರೈಲ್ವೆ ಕಾರ್ಖಾನೆಯ ಕೆಲಸಗಾರರದು, ನೀಲಿ ಅಂಗಿ. ಇನ್ನೊಂದು ಪೇಟೆಯ ವ್ಯಾಪಾರಸ್ಥರೂ ಅವರ ಗುಮಾಸ್ತರೂ ಸೇರಿ ಕಟ್ಟಿದ್ದು, ಹಳದಿ ಅಂಗಿ. ಕ್ಲಬ್ಬುಗಳಿಗೆ ಇಂಗ್ಲಿಷಿನಲ್ಲಿ ಉದ್ದುದ್ದ ಹೆಸರುಗಳಿದ್ದವು, ಆದರೆ ಎಲ್ಲರ ಬಾಯಲ್ಲೂ ಅವರು ಕಾರ್ಖಾನೆಯವರು ಮತ್ತು ಪೇಟೆಯವರು, ಅಷ್ಟೇ.

ನಮ್ಮ ಮನೆ ಹಳೇ ಹುಬ್ಬಳ್ಳಿಯಲ್ಲಿ. ಅಪ್ಪ ತೀರಿಕೊಂಡು ಬಹಳ ದಿನವಾಗಿತ್ತು. ಅವ್ವ, ಅಣ್ಣ, ನಾನು, ಮೂವರೇ. ಅಣ್ಣ ಕಾರ್ಖಾನೆಯಲ್ಲಿ ಫಿಟ್ಟರ್. ನಮ್ಮಿಬ್ಬರ ನಡುವೆ ಹುಟ್ಟಿದವಳು ಅಕ್ಕ. ಆಕೆಯನ್ನು ದುರ್ಗದಬೈಲಿನ ಹಿಂದಿನ ಓಣಿಗೆ ಕೊಟ್ಟಿದ್ದೆವು. ದುರ್ಗದಬೈಲೆಂದರೆ ಊರ ನಡುವಿನ ಪೇಟೆಯ ಚೌಕ, ಅವಳ ಗಂಡನದು ಆ ಬೈಲಿನಲ್ಲೇ ಅರಿವೆ ಅಂಗಡಿ. ಅಕ್ಕನ ಗಂಡನನ್ನು ನಮ್ಮ ಕಡೆ ಮಾವ ಎನ್ನುತ್ತೇವೆ, ಇಲ್ಲಿಯೂ ಹಾಗೆಯೇ ಬರೆಯುತ್ತೇನೆ. ತಂಗಿಯ ಮದುವೆಯಾಗದೆ ತಾನು ಮಾಡಿಕೊಳ್ಳುವುದಿಲ್ಲವೆಂದು ಅಣ್ಣ ಕಾದು ಕಾದು ತಲೆಗೂದಲು ಉದುರಿಸಿಕೊಂಡಿದ್ದ. ಮಾವನವರೋ, ಅಕ್ಕನಿಗೆ ಇಳಕಲ್ಲಿನ ಸೀರೆಯಲ್ಲದೆ ಬೇರೆ ಉಡಿಸಿದವರಲ್ಲ. ಇಬ್ಬರೂ ಒಳ್ಳೆಯವರು. ಕೆಟ್ಟವರಾಗಿದ್ದರೆ ಬೈದು ಬಿಡಬಹುದಿತ್ತು, ನನಗಿಷ್ಟು ದಣಿವಾಗುತ್ತಿರಲಿಲ್ಲ. ಅಣ್ಣ ಕಾರ್ಖಾನೆಯವರ ಹಿಂದೆ ಹುಚ್ಚನಾಗಿದ್ದ, ಮಾವ ಪೇಟೆಯವರ ಹಿಂದೆ. ಇಬ್ಬರಲ್ಲಿ ಒಬ್ಬರೂ ಚೆಂಡಿಗೆ ಕಾಲು ಹಚ್ಚಿದವರಲ್ಲ.

ವಾದ ನಡೆಯುವ ಜಾಗ ಬೈಲಿನ ಮೂಲೆಯ ಚಹಾದಂಗಡಿಯ ಕಟ್ಟೆ. ಶಾಲೆ ಬಿಟ್ಟ ಮೇಲೆ ನಾನೂ ಒಂದು ಕಪ್ಪು ಚಹಾದ ಆಸೆಗೆ ಹೋಗಿ ಸಿಕ್ಕಿಕೊಳ್ಳುತ್ತಿದ್ದೆ.

"ಕಾರ್ಖಾನಿ ಭೋಂಗಾ ಒದರಿದ ಕೂಡ್ಲೆ ಗೇಟಿನಿಂದ ಹೊರಗ ಬೀಳೋ ಮಂದೀನ ನೋಡೀರೇನು? ಅಷ್ಟೂ ನಮ್ಮ ಮಂದಿ," ಎನ್ನುತ್ತಿದ್ದ ಅಣ್ಣ.

"ಅವರು ಹಸಿವ್ಯಾಗಿ ಮನಿಗೆ ಹೊಂಟಿರತಾರ. ಮನಿಗೆ ಹೋಗೋರನ್ನೂ ನಿಮ್ಮ ಕಡಿ ಅಂತ ಎಣಸತೀರೇನು?" ಎನ್ನುತ್ತಿದ್ದರು ಮಾವ. "ಮ್ಯಾಚಿನ ದಿವಸ ಬೈಲಿನ್ಯಾಗ ಎಷ್ಟು ಅಂಗಡಿ ಮುಚ್ಚಿರತಾವ, ಒಮ್ಮೆ ನೋಡಿ ಬರ್ರಿ."

"ಗಿರಾಕಿಗೋಳೆಲ್ಲಾ ನಮ್ಮ ಆಟ ನೋಡಾಕ ಬಂದಿರತಾರ. ಅಂಗಡಿ ತಗದು ನೀವೇನು ನೊಣಾ ಹೊಡೀತೀರಿ?"

ಆಟದ ಮೈದಾನದ ಪಡುವಣ ಬದಿಗೆ ಸಾಲು ಹುಣಸೆಮರಗಳಿದ್ದವು. ಆ ಬದಿಗೆ ಪೇಟೆಯವರು ನಿಲ್ಲುವುದು ವಾಡಿಕೆ, ಎದುರು ಬದಿಗೆ ಕಾರ್ಖಾನೆಯವರು. ಪಡುವಣ ಬದಿ ಯಾವಾಗಲೂ ಕಿಕ್ಕಿರಿದು ತುಂಬುತ್ತಿತ್ತು, ಇದನ್ನೇ ಮಾವ ದೊಡ್ಡ ಸಾಕ್ಷಿಯಾಗಿ ಹಿಡಿದಿದ್ದರು. ಅವರೆಲ್ಲ ನೆರಳಿನ ಮಂದಿ, ಸಂಜೆಯ ಬಿಸಿಲು ಕಣ್ಣಿಗೆ ಹೊಡೆಯಬಾರದೆಂದು ಅಲ್ಲಿ ನಿಲ್ಲುತ್ತಾರೆ ಎಂದು ನಾನೊಮ್ಮೆ ಹೇಳಿದೆ. ಮಾವ ಎರಡು ದಿನ ನನ್ನೊಡನೆ ಮಾತಾಡಲಿಲ್ಲ. ಹಾಗಾದರೆ ಬಿಸಿಲಿನಲ್ಲಿ ನಿಂತವರೇ ಖರೇ ಅಭಿಮಾನಿಗಳು ಎಂದು ಅಣ್ಣ ಶುರು ಮಾಡಿದ, ಅದು ಇನ್ನೂ ಕಷ್ಟವಾಯಿತು. ಒಮ್ಮೆ ಹೆಸರು ಹಿಡಿದು ಎಣಿಸುವ ಪಂದ್ಯ ಬಿತ್ತು. ಅಣ್ಣ ಹೇಳಿದ ಹೆಸರೊಂದಕ್ಕೆ ಯಾರೋ, "ಆ ಫಿಟ್ಟರ್ ತೀರಿಕೊಂಡು ವರ್ಷಾತಲ್ರಿ," ಎಂದರು. "ಇದ್ದಿದ್ರ ನಮ್ಮ ಕಡೀನ ಇರತಿದ್ದ," ಎಂದು ಅಣ್ಣ ಬೆರಳು ಮಡಚಿದ. ಹಾಡಿದ್ದೇ ಹಾಡೋ ಕಿಸಬಾಯಿ ದಾಸ ಎನ್ನುತ್ತಾರಲ್ಲ, ಅಲ್ಲಿ ದಾಸರು ಒಬ್ಬಿಬ್ಬರಲ್ಲ, ಕಟ್ಟೆ ತುಂಬ ಇದ್ದರು.

ಇದು ಚಹಾದಂಗಡಿಯಲ್ಲೇ ಉಳಿದಿದ್ದರೆ ಹೋಗಲಿ ಬಿಡು ಎನ್ನಬಹುದಿತ್ತು. ಅಕ್ಕನ ಮದುವೆಯಾದ ಮರುವರ್ಷ ನಾಗರಪಂಚಮಿಗೆ ಅದು ನಮ್ಮ ಮನೆಯ ಅಡುಗೆಮನೆಯವರೆಗೆ ಬಂತು. ಪಂಚಮಿಗೆ ಹೆಣ್ಣುಮಕ್ಕಳು ತವರಿಗೆ ಬರಬೇಕು, ಅಣ್ಣನೋ ತಮ್ಮನೋ ಹೋಗಿ ಕರೆತರಬೇಕು. ಅಣ್ಣ ಹೋಗಿ ಕರೆತಂದಿದ್ದ. ಹಬ್ಬದ ದಿನ ಮಾವನೂ ಊಟಕ್ಕೆ ಬಂದಿದ್ದರು. ಹಿಂದಿನ ದಿನವಷ್ಟೇ ಎರಡು ಕ್ಲಬ್ಬುಗಳ ನಡುವೆ ಮ್ಯಾಚು ಆಗಿ ಸರಿಸಮವಾಗಿತ್ತು. ಗೆದ್ದವರಿಲ್ಲದಾಗ ಮಂದಿಯ ಮಾತೇ ಬರುವುದು. ಎರಡನೆಯ ಸಲ ಬಡಿಸುವ ಹೊತ್ತಿಗೆ ಅಣ್ಣ, ನಗುನಗುತ್ತಲೇ, "ಊರ ಮಂದಿ ಮಾತು ಬಿಡ್ರಿ. ನಿಮ್ಮ ಮನ್ಯಾಗಿನ ಒಬ್ಬಾಕಿಯರ ನಿಮ್ಮ ಕಡಿ ಅದಾಳೇನು ಕೇಳ್ರಿ. ಈ ಮನ್ಯಾಗ ಹುಟ್ಟಿದಾಕಿ, ನಮ್ಮ ಕಡೀನ," ಎಂದ.

ಮಾವನ ತುತ್ತು ಕೈಯಲ್ಲೇ ನಿಂತಿತು. "ಕೇಳೂಣಲ್ಲ," ಎಂದವರು ತುಪ್ಪದ ಗಿಂಡಿ ಹಿಡಿದು ನಿಂತಿದ್ದ ಅಕ್ಕನ ಕಡೆ ತಿರುಗಿದರು. "ಕೇಳಿತೇನು? ನೀ ಯಾರ ಕಡಿ, ಎಲ್ಲಾರ ಮುಂದ ಹೇಳಿಬಿಡು."

ಅಕ್ಕ ಇಬ್ಬರ ಮುಖವನ್ನೂ ನೋಡಿದಳು. "ಒಲಿ ಮ್ಯಾಲೆ ಕಡಬು ಅದಾವ, ನೋಡಿ ಬರತೇನಿ," ಎಂದು ಒಳಗೆ ಹೋದಳು. ಮತ್ತೆ ಹೊರಗೆ ಬರಲಿಲ್ಲ.

ಅಣ್ಣ ಗೆದ್ದವನಂತೆ ನಕ್ಕ. ಮಾವ ತಟ್ಟೆಯಲ್ಲಿ ಕಡಬು ಬಿಟ್ಟು ಕೈ ತೊಳೆದುಕೊಂಡರು. "ಸುಮ್ಮನ ಹೋದಳಂದ್ರ ಗೊತ್ತಾತು ಬಿಡ್ರಿ," ಎಂದರು. ಮರುದಿನ ಬೆಳಿಗ್ಗೆ ಟಾಂಗಾ ಕಳಿಸಿ ಅಕ್ಕನನ್ನು ಕರೆಸಿಕೊಂಡರು. ಪಂಚಮಿಗೆಂದು ಕಟ್ಟಿದ ಜೋಕಾಲಿಯ ಹಗ್ಗವನ್ನು ಇನ್ನೂ ಬಿಚ್ಚಿರಲಿಲ್ಲ, ಆಕೆ ಒಂದು ಸಲವಾದರೂ ಸರಿಯಾಗಿ ಜೀಕಿರಲಿಲ್ಲ.

ಆಮೇಲೆ ಎರಡು ಪಂಚಮಿಗಳು ಹಾಗೇ ಹೋದವು. ಎರಡು ಮನೆಗಳ ನಡುವೆ ಒಂದು ಮೈಲಿಯೂ ಇಲ್ಲ. ಅಣ್ಣ ಕರೆಯಲಿಕ್ಕೆ ಹೋಗಲಿಲ್ಲ, ಮಾವ ಕಳಿಸಲಿಲ್ಲ. ಅವ್ವ ಹಬ್ಬದ ಉಂಡಿ ಕಟ್ಟಿ ನನ್ನ ಕೈಯಲ್ಲಿ ಕಳಿಸಿದಳು. ತಾನೇ ಹೋಗಬಹುದಿತ್ತಲ್ಲ ಎನ್ನಬಹುದು. ಮಗಳಿಗೆ ಒಂದು ಮಗುವಾಗುವ ತನಕ ಅವಳ ಮನೆಯ ನೀರು ಸಹ ಕುಡಿಯಬಾರದೆಂಬ ಕಟ್ಟಳೆ ಅವ್ವನ ಕಾಲದವರದು. ಆಕೆ ಆ ಓಣಿಯ ತುದಿಯವರೆಗೆ ಹೋಗಿ, ದೂರದಿಂದ ಬಾಗಿಲು ನೋಡಿ ತಿರುಗಿ ಬಂದದ್ದು ನನಗೆ ಗೊತ್ತು. ಅಣ್ಣನಿಗೆ ಹೇಳಬೇಡವೆಂದಿದ್ದಳು.

ಮೂರನೆಯ ವರ್ಷ ಅಕ್ಕ ಬಸುರಿಯಾದಳು. ಚೊಚ್ಚಲ ಬಾಣಂತನ ತವರುಮನೆಯದು, ಇದರಲ್ಲಿ ಎರಡು ಮಾತಿಲ್ಲ. ಮೇಲಾಗಿ ಅಕ್ಕನಿಗೆ ಅತ್ತೆಯಿಲ್ಲ, ಮನೆಯಲ್ಲಿ ಇನ್ನೊಂದು ಹೆಣ್ಣಿನ ಜೀವವಿಲ್ಲ. ಏಳು ತಿಂಗಳ ಕುಬಸದ ಶಾಸ್ತ್ರವನ್ನು ಕೂಡ ಓಣಿಯ ಹೆಂಗಸರೇ ಸೇರಿ ಮುಗಿಸಿದರು, ನಮ್ಮ ಮನೆಯ ಖಣವನ್ನು ನಾನು ಒಯ್ದು ಮುಟ್ಟಿಸಿದೆ. ಆ ಮಳೆಗಾಲವಿಡೀ ನಾನು ಶಾಲೆ ಬಿಟ್ಟ ಕೂಡಲೇ ಸೈಕಲ್ಲು ಹತ್ತಿ ಎರಡು ಮನೆಗಳ ನಡುವೆ ಅಲೆದೆ.

"ನಿಮ್ಮಣ್ಣ ಬೈಲಿನ್ಯಾಗ ನಿಂತು ಪೇಟೆಯವರ ಕಡಿ ಮಂದಿ ಹೆಚ್ಚು ಅಂತ ಒಂದು ಮಾತು ಅನ್ನಲಿ. ಅವತ್ತ ಕಳಸತೇನಿ," ಎಂದರು ಮಾವ.

"ನಾ ಕರಕೊಂಡು ಹೋಗತೇನಿ ಮಾವಾರ, ಅವನ ಮಾತು ಯಾಕ್ರಿ?"

"ನೀ ಬಂದ್ರ ಆಗಂಗಿಲ್ಲ. ಮನಿಗೆ ದೊಡ್ಡಾಂವ ಬರಬೇಕು."

ದೊಡ್ಡವನ ಹತ್ತಿರ ಬಂದರೆ, "ಇಲ್ಲದ್ದನ್ನ ಹ್ಯಾಂಗ ಅನ್ನಲಿ? ಕಾರ್ಖಾನೆಯವರ ಕಡೀನ ಹೆಚ್ಚು ಅಂತ ಅಂವ ಅನ್ನಲಿ, ನಾ ಟಾಂಗಾ ತಗೊಂಡು ಹೋಗತೇನಿ," ಎನ್ನುತ್ತಿದ್ದ. ಹೇಳುವಾಗ ಅವನ ಕಣ್ಣಲ್ಲಿ ನೀರು ಇರುತ್ತಿತ್ತು, ಅದೂ ನಿಜ. ತಂಗಿಯ ಮೇಲಿನ ಪ್ರೀತಿ, ಮಾಯೆ ಅವನಿಗೆ ಕಡಿಮೆಯಿರಲಿಲ್ಲ. ಮಾಯೆಗೂ ಹಠಕ್ಕೂ ಒಂದೇ ಎದೆಯಲ್ಲಿ ಇಷ್ಟು ಜಾಗವಿರುತ್ತದೆ ಎಂಬುದು ನನಗೆ ಆಗಲೇ ತಿಳಿದದ್ದು.

ಅಕ್ಕ ಮಾತ್ರ ಕ್ಲಬ್ಬಿನ ಸುದ್ದಿಯನ್ನು ಎತ್ತುತ್ತಿರಲಿಲ್ಲ. ನಾನು ಹೋದಾಗ ಅಡುಗೆಮನೆಯ ಹೊಸ್ತಿಲ ಮೇಲೆ ಕೂತು, "ಅವ್ವ ಹ್ಯಾಂಗದಾಳ ತಮ್ಮಾ?" ಎನ್ನುತ್ತಿದ್ದಳು. ಒಂದು ದಿನ, "ಅವ್ವನ ಕೈಯಾನ ಜೋಳದ ನುಚ್ಚು, ಮಜ್ಜಿಗಿ ಉಣಬೇಕನಸತೈತಿ," ಎಂದಳು. ಅವ್ವ ಮಾಡಿ ಕೊಟ್ಟಳು, ನಾನು ಡಬ್ಬಿಯಲ್ಲಿ ಒಯ್ದೆ, ಒಯ್ಯುವಷ್ಟರಲ್ಲಿ ಆರಿ ಗಟ್ಟಿಯಾಗಿತ್ತು. ಅಕ್ಕ ಅದನ್ನೇ ಕೈಯಿಂದ ಒಡೆದು ಉಂಡಳು. ಉಣ್ಣುತ್ತ, "ಬ್ಯಾನಿ ಎದ್ದಾಗ ಇವರು ಅಂಗಡ್ಯಾಗ ಇದ್ರ ನಾ ಯಾರನ್ನ ಕರೀಲಿ?" ಎಂದು ಕೇಳಿದಳು. ನಾನು ಡಬ್ಬಿ ಮುಚ್ಚಿಕೊಂಡು ಬಂದೆ.

ಎರಡು ಕೋಣಗಳು ಕಾದಾಡಿ ಗಿಡಕ್ಕೆ ಕುತ್ತು ಎಂದು ಗಾದೆ ಮಾಡಿದವರು ಯಾರೋ, ಅವರ ಮನೆಯಲ್ಲೂ ಇಂಥದ್ದೇ ನಡೆದಿರಬೇಕು.

ಕೊನೆಗೆ ಉಪಾಯ ಹುಡುಕಿದವನು ನಾನೇ. ಮಾಸ್ತರನಲ್ಲವೇ, ಎಲ್ಲದಕ್ಕೂ ಒಂದು ಲೆಕ್ಕವಿರುತ್ತದೆ ಎಂಬ ಭ್ರಮೆ. ದಸರೆ ಹತ್ತಿರ ಬಂದಿತ್ತು. ವಿಜಯದಶಮಿಯ ಸಂಜೆ ನಮ್ಮೂರಿನ ಗಂಡಸರು, ಹೆಂಗಸರು, ಮಕ್ಕಳು ಎಲ್ಲರೂ ಬನ್ನಿ ಎಲೆ ಹಿಡಿದು ಹೊರಬೀಳುತ್ತಾರೆ. ಹಿರಿಯರಿಗೆ ಕೊಟ್ಟು ಕಾಲು ಮುಟ್ಟುತ್ತಾರೆ, ಓರಗೆಯವರಿಗೆ ಕೊಟ್ಟು ಅಪ್ಪಿಕೊಳ್ಳುತ್ತಾರೆ. ಆ ಸಂಜೆ ಎರಡು ಕ್ಲಬ್ಬುಗಳ ಕ್ಯಾಪ್ಟನ್ನರು ಬೈಲಿನಲ್ಲಿ ಎದುರುಬದುರು ಕಟ್ಟೆಗಳ ಮೇಲೆ ಕೂಡಲಿ, ಯಾರು ಯಾರ ಕಡೆಯವರೋ ಅವರು ಆ ಕ್ಯಾಪ್ಟನ್ನಿಗೆ ಬನ್ನಿ ಕೊಡಲಿ, ನಾನು ನಡುವೆ ನಿಂತು ಶಾಲೆಯ ಪಾಟಿಯ ಮೇಲೆ ಬಳಪದಿಂದ ಗೆರೆ ಎಳೆಯುತ್ತೇನೆ ಎಂದೆ. ಕಡಿಮೆ ಬಂದವರು ಬೈಲಿನಲ್ಲಿ ನಿಂತು ಸೋತೆವೆಂದು ಒಪ್ಪಬೇಕು. ಯಾರು ಸೋತರೂ ಅದೇ ಸಂಜೆ ಅಣ್ಣ ಹೋಗಿ ಕರೆಯಬೇಕು, ಮಾವ ಕಳಿಸಬೇಕು. ಇಬ್ಬರೂ ಒಪ್ಪಿದರು. ಯಾರು ಸೋತರೂ ಕಳಿಸುವುದಾದರೆ ಈಗಲೇ ಯಾಕೆ ಕಳಿಸಬಾರದು ಎಂದು ಅವ್ವ ಕೇಳಿದಳು. "ಎಣಿಕಿ ಆಗಲಿ ತಡಿ," ಎಂದ ಅಣ್ಣ.

ದಸರೆಯ ದಿನ ಮಧ್ಯಾಹ್ನವೇ ಮಾವ ತಮ್ಮ ಅಂಗಡಿಯ ಕಟ್ಟೆಗೆ ಗಾದಿ ಹಾಕಿಸಿ ಪೇಟೆಯವರ ಕ್ಯಾಪ್ಟನ್ನನ್ನು ಕೂಡಿಸಿದರು. ಅವರು ವಯಸ್ಸಿನಲ್ಲಿ ಹಿರಿಯರು, ಆಡುವುದನ್ನು ಬಿಟ್ಟು ಹೆಸರಿಗಷ್ಟೇ ಕ್ಯಾಪ್ಟನ್ ಆಗಿದ್ದವರು. ಎದುರಿನ ಪಾತ್ರೆ ಅಂಗಡಿಯ ಕಟ್ಟೆಯ ಮೇಲೆ ಅಣ್ಣ ಕಾರ್ಖಾನೆಯವರ ಕ್ಯಾಪ್ಟನ್ನನ್ನು ಕೂಡಿಸಿದ. ಅವನು ಹರೆಯದವನು, ರುಮಾಲು ಸುತ್ತಿಕೊಂಡು ಮದುಮಗನ ಹಾಗೆ ನಾಚಿಕೊಂಡು ಕೂತಿದ್ದ. ನಾನು ಪಾಟಿಯ ನಡುವೆ ಗೆರೆ ಎಳೆದು ಎರಡು ಮನೆ ಮಾಡಿಕೊಂಡು ನಿಂತೆ.

ಮೊದಲು ಬಂದವನು ಕಾರ್ಖಾನೆಯ ಒಬ್ಬ ಬಡಿಗ. ತನ್ನ ಕ್ಯಾಪ್ಟನ್ನಿಗೆ ಬನ್ನಿ ಕೊಟ್ಟು, "ಬನ್ನಿ ತಗೊಂಡು ಬಂಗಾರಧಾಂಗ ಇರೂಣು," ಎಂದ. ನಾನು ನೀಲಿಯವರ ಮನೆಯಲ್ಲಿ ಒಂದು ಗೆರೆ ಎಳೆದೆ. ಅವನು ತಿರುಗಿದ, ಎದುರಿಗೆ ಪೇಟೆಯ ಹಿರಿಯರು ಕೂತಿದ್ದಾರೆ. ದಸರೆಯ ದಿನ ಹಿರಿಯರ ಮುಂದೆ ಹಾದು ಬನ್ನಿ ಕೊಡದೆ ಹೋಗುವುದುಂಟೇ? ವೈರಿಯಾದರೂ ಕೊಡಬೇಕು, ಕೊಟ್ಟರೆ ವೈರಿಯಾದರೂ ತೆಗೆದುಕೊಳ್ಳಬೇಕು. ಅವನು ನೆಟ್ಟಗೆ ಆ ಕಟ್ಟೆಗೆ ಹೋಗಿ ಅವರಿಗೂ ಬನ್ನಿ ಕೊಟ್ಟು ಕಾಲು ಮುಟ್ಟಿದ. ಮರಳಿ ಬರುವಾಗ ನನ್ನ ಕಿವಿಯ ಹತ್ತಿರ ಬಂದು, "ಮಾಸ್ತರ, ಇದನ್ನ ಬರಕೋಬ್ಯಾಡ್ರಿ. ಇದು ಬರೇ ಹಬ್ಬದ್ದು," ಎಂದ.

ಅವನ ಹಿಂದೆ ಬಂದ ಪೇಟೆಯ ಗುಮಾಸ್ತನೂ ಅದನ್ನೇ ಮಾಡಿದ, ಈ ಕಡೆಯಿಂದ ಆ ಕಡೆಗೆ. ಅವನ ಹಿಂದಿನವರೂ. ಕೆಲವರು ಇದು ಆಟದ್ದು, ಇದು ಹಬ್ಬದ್ದು ಎಂದು ಹೇಳಿ ಹೋಗುತ್ತಿದ್ದರು. ಬಹಳ ಮಂದಿ ಏನೂ ಹೇಳದೆ ಎರಡೂ ಕಟ್ಟೆಗೆ ಕೊಟ್ಟು ಹೋಗುತ್ತಿದ್ದರು. ಹುಟ್ಟಿದಂದಿನಿಂದ ದಸರೆ ಮಾಡಿದವನು ನಾನು, ಈ ಒಂದು ಸಂಗತಿ ಉಪಾಯ ಹೂಡುವಾಗ ನನ್ನ ತಲೆಗೆ ಹೊಳೆಯಲಿಲ್ಲ. ಅಣ್ಣನಿಗೂ ಹೊಳೆಯಲಿಲ್ಲ, ಮಾವನಿಗೂ ಹೊಳೆಯಲಿಲ್ಲ. ಸ್ವಲ್ಪ ಹೊತ್ತಿಗೆ ಕಾರ್ಖಾನೆಯ ಹರೆಯದ ಕ್ಯಾಪ್ಟನ್ನೇ ಕಟ್ಟೆಯಿಂದಿಳಿದು ಪೇಟೆಯ ಹಿರಿಯರಿಗೆ ಬನ್ನಿ ಕೊಟ್ಟು ಕಾಲು ಮುಟ್ಟಿದ. ಅವರು ಅವನನ್ನು ಎದೆಗೊತ್ತಿಕೊಂಡರು. ಸುತ್ತಲಿನ ಮಂದಿ ಸಿಳ್ಳೆ ಹಾಕಿದರು. ಇದನ್ನು ಯಾವ ಮನೆಯಲ್ಲಿ ಬರೆಯುವುದು?

ಅಲ್ಲಿಗೆ ಪಾಟಿ ಒರೆಸಿ ಮನೆಗೆ ಹೋಗಬೇಕಿತ್ತು. ನಾನು ಹೋಗಲಿಲ್ಲ. ಮೊದಲು ಯಾವ ಕಟ್ಟೆಗೆ ಕೊಟ್ಟರೋ ಅದನ್ನಷ್ಟೇ ಹಿಡಿಯೋಣವೆಂದು ಹೊಸ ನೇಮ ಮಾಡಿದೆ. ಪಾತ್ರೆ ಅಂಗಡಿಯ ಬದಿಯ ಓಣಿಯಿಂದ ಬಂದವರೆಲ್ಲ ಸಹಜವಾಗಿ ಆ ಕಟ್ಟೆಗೆ ಮೊದಲು ಹೋಗುತ್ತಾರೆ ಎಂದು ಮಾವ ತಕರಾರು ತೆಗೆದರು. ಹಾಗಾದರೆ ಎರಡೂ ಕಡೆ ಕೊಟ್ಟವರಿಗೆ ಮೂರನೆಯ ಮನೆ ಎಂದೆ. ಮಂದಿ ಬರುತ್ತಲೇ ಇದ್ದರು. ಐದಕ್ಕೊಂದು ಅಡ್ಡಗೆರೆ ಹಾಕುತ್ತ ಹೋದಂತೆ ನನಗೂ ಹುರುಪು ಹತ್ತಿತು. ವರ್ಷಾನುಗಟ್ಟಲೆ ಕೇಳಿ ಕೇಳಿ ಬೇಸತ್ತ ಪ್ರಶ್ನೆಗೆ ಉತ್ತರ ನನ್ನ ಕೈಯಲ್ಲೇ ಹುಟ್ಟುತ್ತಿದೆ ಎನಿಸಿತು. ಕಣ್ಣು ಪಾಟಿ ಬಿಟ್ಟು ಏಳುತ್ತಿರಲಿಲ್ಲ.

ಆ ಹೊತ್ತಿನಲ್ಲಿ ಅಕ್ಕ ಬಂದಳು.

ಎಂಟು ತಿಂಗಳ ಬಸುರಿ, ಆ ಗದ್ದಲದಲ್ಲಿ. ಕಂಕುಳಲ್ಲಿ ಒಂದು ಬಟ್ಟೆಯ ಗಂಟು, ಸೆರಗಿನ ತುದಿಯಲ್ಲಿ ಬನ್ನಿ. ಮಂದಿ ಸರಿದು ದಾರಿ ಬಿಟ್ಟರು. ಆಕೆ ಪಾತ್ರೆ ಅಂಗಡಿಯ ಕಟ್ಟೆಗೆ ಹೋದಳು. ಕ್ಯಾಪ್ಟನ್ನಿನ ಕಡೆ ನೋಡಲೂ ಇಲ್ಲ. ಪಕ್ಕದಲ್ಲಿ ನಿಂತಿದ್ದ ಅಣ್ಣನ ಕೈಯಲ್ಲಿ ಬನ್ನಿ ಇಟ್ಟಳು. ಮೂರು ವರ್ಷದ ಮೇಲೆ ಇಬ್ಬರೂ ಇಷ್ಟು ಹತ್ತಿರ ನಿಂತದ್ದು.

"ಬನ್ನಿ ತಗೊಂಡಿ ಅಣ್ಣಾ," ಎಂದಳು. "ಇನ್ನ ನಡಿ, ಮನಿಗೆ ಹೋಗೂಣು."

ಅಣ್ಣ ಬನ್ನಿಯನ್ನು ಕಣ್ಣಿಗೊತ್ತಿಕೊಂಡ. ಅವನು ಹೊರಡುತ್ತಿದ್ದನೋ ಏನೋ. ಎದುರು ಕಟ್ಟೆಯಿಂದ ಮಾವ, "ಎಣಿಕಿ ಮುಗೀಲಿ. ನಾನ ಟಾಂಗಾ ತರಸಿ ಕಳಸತೇನಿ," ಎಂದು ಕೂಗಿದರು. ಮಂದಿಯೆಲ್ಲ ಅಣ್ಣನ ಮುಖ ನೋಡಿದರು. ಈಗ ಇಳಿದು ಹೋದರೆ ಎಣಿಕೆಗೆ ಹೆದರಿ ಹೋದನೆಂದಾಗುತ್ತದೆ.

"ಒಂದು ಅರ್ಧಾ ತಾಸು ಕೂಡು ತಂಗೆವ್ವಾ," ಎಂದ ಅಣ್ಣ. "ಇನ್ನೇನು ಮುಗೀತು."

ಅಕ್ಕ ನನ್ನ ಕಡೆ ತಿರುಗಿದಳು. ಆ ಇಬ್ಬರಿಗೆ ಬುದ್ಧಿ ಹೇಳುತ್ತ, ಇವರ ಹುಚ್ಚಾಟ ಸಾಕಾಯಿತೆಂದು ಆಕೆಯ ಹೊಸ್ತಿಲಲ್ಲಿ ಕೂತು ನಿಟ್ಟುಸಿರು ಬಿಡುತ್ತ ಬಂದವನು ನಾನು. ನಾನಾದರೂ ಪಾಟಿ ಕೆಳಗಿಡುತ್ತೇನೆಂದು ನಂಬಿದ್ದಳು. ನಾನು ಏನು ಮಾಡಿದೆನೆಂದರೆ, ಬಳಪ ಹಿಡಿದ ಕೈಯನ್ನೇ ಎತ್ತಿ, "ಸ್ವಲ್ಪ ತಡಿ ಅಕ್ಕಾ, ಇನ್ನ ಸ್ವಲ್ಪ ಮಂದಿ ಅದಾರ," ಎಂದೆ. ಎಂದು, ರೂಢಿಯ ಮೇಲೆ, ನೀಲಿಯವರ ಮನೆಯಲ್ಲಿ ಆಕೆಯ ಹೆಸರಿಗೂ ಒಂದು ಗೆರೆ ಎಳೆದೆ.

ಆ ಗೆರೆಯನ್ನು ಮಾವ ಕಂಡರು. ಕಟ್ಟೆಯಿಂದಿಳಿದು ಬಂದು, "ಅದನ್ನ ಅಳಸು. ನನ್ನ ಮನಿಯಾಕಿ, ನಮ್ಮ ಕಡಿ ಹಾಕು," ಎಂದರು. ಅಣ್ಣನೂ ಇಳಿದು ಬಂದ. "ಬನ್ನಿ ಎಲ್ಲಿ ಕೊಟ್ಟಳು? ನಮ್ಮ ಕಟ್ಟಿಗೆ ಕೊಟ್ಟಳು." "ಅಣ್ಣ ಅಂತ ಕೊಟ್ಟಾಳ, ಅದು ಹಬ್ಬದ್ದು." "ಹಬ್ಬದ್ದಾದ್ರ ನಿಮಗ್ಯಾಕ ಕೊಡಲಿಲ್ಲ?" ಮಂದಿ ಸುತ್ತುವರಿದರು. ನೀಲಿಯವರು ನೀಲಿ ಎಂದರು, ಹಳದಿಯವರು ಹಳದಿ ಎಂದರು. ಮದುವೆಯಾದ ಹೆಣ್ಣು ಯಾವ ಮನೆಯವಳು ಎಂಬ ಮೇಲೆ ಒಬ್ಬರು ಶಾಸ್ತ್ರ ಎತ್ತಿದರು. ಆ ಒಂದು ಗೆರೆಯ ಮೇಲೆ ಆ ಸಂಜೆಯ ಅತ್ಯಂತ ದೊಡ್ಡ ವಾದವಾಯಿತು. ನಾನು ನಡುವೆ ನಿಂತು, ಆಕೆಯನ್ನು ಮೂರನೆಯ ಮನೆಗೆ ಹಾಕಿದರೆ ಹೇಗೆ ಎಂದು ಕೇಳುತ್ತಿದ್ದೆ. ಇದನ್ನು ಬರೆಯುವಾಗ ನಾಚಿಕೆಯಾಗುತ್ತದೆ.

ದೀಪ ಹಚ್ಚುವ ಹೊತ್ತಾಗಿತ್ತು. ಪೇಟೆಯ ಹಿರಿಯರು ಗಾದಿಯ ಮೇಲಿಂದಲೇ, "ಆ ಹೆಣ್ಣುಮಗಳು ಎಲ್ಲಿ?" ಎಂದು ಕೇಳಿದರು. ಆಗ ನಾವು ಮೂವರೂ ತಿರುಗಿ ನೋಡಿದೆವು. ಕಟ್ಟೆಯ ಹತ್ತಿರ ಅಕ್ಕ ಇರಲಿಲ್ಲ. ಯಾವಾಗ ಹೋದಳೆಂದು ಅಷ್ಟು ಮಂದಿಯಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಎಲ್ಲರೂ ಆಕೆಯ ಮಾತನ್ನೇ ಆಡುತ್ತಿದ್ದರು, ಆಕೆಯನ್ನು ಯಾರೂ ನೋಡಿರಲಿಲ್ಲ.

ಮಾವ ತಮ್ಮ ಮನೆಗೆ ಓಡಿದರು. ಅಲ್ಲಿ ಬೀಗ. ಮುಖದ ಬಣ್ಣ ಇಳಿದು ವಾಪಸು ಬಂದರು. ಮೂವರೂ ಹಳೇ ಹುಬ್ಬಳ್ಳಿಯ ದಾರಿ ಹಿಡಿದೆವು. ದಾರಿಯುದ್ದಕ್ಕೂ ಜನ ಎದುರಾಗಿ ಕೈಯಲ್ಲಿ ಬನ್ನಿ ಇಡುತ್ತಿದ್ದರು. ಬೇಡವೆನ್ನುವಂತಿಲ್ಲ. ಮಾವ ಒಬ್ಬೊಬ್ಬರಿಂದಲೂ ತೆಗೆದುಕೊಂಡು, ನಮಸ್ಕಾರ ಮಾಡಿ, ಮತ್ತೆ ಓಡುತ್ತಿದ್ದರು. ಬಾವಿಗಳ ಹತ್ತಿರ ಬಂದಾಗ ಅಣ್ಣ ಪ್ರತಿಸಲವೂ ಒಳಗೆ ಇಣುಕಿದ.

ಅಕ್ಕ ಮನೆಯಲ್ಲಿದ್ದಳು. ಪಡಸಾಲೆಯಲ್ಲಿ ಕಂಬಕ್ಕೆ ಒರಗಿ ಕಾಲು ಚಾಚಿ ಕೂತಿದ್ದಳು. ಕಾಲುಗಳು ಬಾತಿದ್ದವು, ಅವ್ವ ಬಿಸಿನೀರಿನಿಂದ ತೊಳೆಯುತ್ತಿದ್ದಳು. ಕರೆಯದೆ ತವರಿನ ಮೆಟ್ಟಿಲು ಹತ್ತಬಾರದೆಂದು ಕಲಿತು ಬೆಳೆದವಳು ಒಬ್ಬಳೇ ನಡೆದು ಬಂದು ಹತ್ತಿದ್ದಳು. ಗಂಟು ಪಕ್ಕದಲ್ಲಿತ್ತು. ನಮ್ಮನ್ನು ನೋಡಿ ಆಕೆ ಸಿಟ್ಟು ತೋರಿಸಲಿಲ್ಲ. ಕಣ್ಣು ಮುಚ್ಚಿದಳು.

ಅಣ್ಣ, ಮಾವ ಇಬ್ಬರೂ ಬಾಗಿಲಲ್ಲೇ ನಿಂತರು. ಆಮೇಲೆ, ಏನು ಮಾಡಬೇಕೆಂದು ತಿಳಿಯದೆ, ಒಬ್ಬರ ಹಿಂದೆ ಒಬ್ಬರು ಬಂದು ಅವ್ವನಿಗೆ ಬನ್ನಿ ಕೊಟ್ಟು ಕಾಲು ಮುಟ್ಟಿದರು. ಅವ್ವ ಹಸಿ ಕೈಯನ್ನು ಸೆರಗಿಗೆ ಒರೆಸಿ ಇಬ್ಬರಿಂದಲೂ ತೆಗೆದುಕೊಂಡಳು. ಹಬ್ಬದ ದಿನ ಬೇಡವೆನ್ನುವ ಹೆಣ್ಣಲ್ಲ ಆಕೆ. ಆಮೇಲೆ ಅವರನ್ನು ಬಿಟ್ಟು ನನ್ನ ಕಡೆ ನೋಡಿದಳು.

"ಬೈಲಿನ್ಯಾಗ ಬಾಳ ಮಂದಿ ಕೂಡಿದ್ರೇನು?" ಎಂದಳು.

"ಬಾಳ ಮಂದಿ ಅವ್ವಾ."

"ಇಂವನ ಕಡಿನೂ ಅಷ್ಟು, ಅವರ ಕಡಿನೂ ಅಷ್ಟು. ಹೌದಿಲ್ಲೋ?"

"ಹೌದು."

"ಅಷ್ಟು ಮಂದ್ಯಾಗ ಆಕೀ ಕೈಯಾನ ಗಂಟು ಇಸಕೊಂಡು ಮನೀತನಕ ಬರಾಕ ಒಬ್ಬರೂ ಇರಲಿಲ್ಲೇನು?"

ಅಣ್ಣ ಗೋಡೆಯ ಕಡೆ ತಿರುಗಿದ. ಮಾವ ಅಂಗಳಕ್ಕೆ ಇಳಿದು ಹೋದರು. ಅವ್ವ ನನ್ನನ್ನೇ ನೋಡುತ್ತಿದ್ದಳು, ಏನಾದರೂ ಹೇಳಬೇಕಿತ್ತು.

"ನಾ ಎಣಸಾಕತ್ತಿದ್ದೆ ಅವ್ವಾ," ಎಂದೆ.